ಅರಬ್ಬಿ ಕುದುರೆ ನೋಡೋಕ್ ಹೋಗಿ ದಫ್ತರ ಓದ್ಕೊಂಡ್ ಬಂದ್ವಿ: ಕೂಡಿಗೆ ಕಡೆಯ ಒಂದು ಕುದುರೆ ಫಾರ್ಮ್ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಫಾರ್ಮ್ ಹೆಸ್ರು ಹಾಕಲ್ಲ. ಅದರ ಯಜಮಾನ್ರೇ ಬೇಡಮ್ಮ ಅಂದಿದಾರೆ, ಶನಿವಾರ ಭಾನುವಾರ ಬೆಂಗ್ಳೂರು ಗಾಡಿಗಳು ಗೇಟ್ ಹತ್ರ ಸಾಲು ನಿಂತ್ರೆ ಕುದುರೆಗಳ ಹೊಟ್ಟೆ ಕೆಡುತ್ತೆ ಅಂತ. ನಾನು ತಮಾಷೆ ಅಂದ್ಕೊಂಡೆ, ತಮಾಷೆ ಅಲ್ವಂತೆ. ಬಂದೋರು ಬಿಸ್ಕೆಟ್ಟು ಚಿಪ್ಸು ಕೈಲಿ ಏನಿದ್ರೆ ಅದನ್ನ ತಿನ್ನಿಸ್ತಾರೆ, ಕುದುರೆಗೆ ವಾಂತಿ ಮಾಡೋಕೆ ಬರಲ್ಲ, ಒಳಗೆ ಹೋಗಿದ್ದು ಹೋಗಿದ್ದೇ, ಕಾಲಿಕ್ ಅನ್ನೋ ಹೊಟ್ಟೆನೋವು ಆಯ್ತು ಅಂದ್ರೆ ಡಾಕ್ಟ್ರು ಬರೋ ತನಕ ಇವ್ರಿಗೆ ನಿದ್ದೆ ಇಲ್ಲ, ಕೆಲವು ಸತ್ತೂ ಹೋಗ್ತವೆ. ಅದಕ್ಕೆ ಜಾಗ ಎಲ್ಲಿ ಅಂದ್ರೆ ಕೊಡಗಿನ ಕುಶಾಲನಗರದಿಂದ ಕೂಡಿಗೆ ದಾಟಿ ಒಂಚೂರು ಮುಂದೆ, ಜೋಳದ ಹೊಲಗಳ ಮಧ್ಯೆ, ಅಷ್ಟು ಸಾಕು. ಗೊತ್ತಿರೋರಿಗೆ ಗೊತ್ತಾಗುತ್ತೆ, ಗೊತ್ತಿಲ್ದೋರು ಆ ಕಡೆ ಯಾರನ್ನಾದ್ರೂ ಕುದುರೆ ಮನೆ ಎಲ್ಲಿ ಅಂತ ಕೇಳಿ.

ರೇಟು: ದೊಡ್ಡೋರಿಗೆ 1200 ರೂಪಾಯಿ, ಮಕ್ಕಳಿಗೆ 600, ಬೆಳಿಗ್ಗೆ 7ಕ್ಕೆ ಒಳಗಿರ್ಬೇಕು, 10 ಗಂಟೆಗೆ ಹೊರಗೆ ಕಳಿಸ್ತಾರೆ, ತಿಂಡಿ ಸೇರಿ. ಸವಾರಿ ಬೇರೆ, ಅದಕ್ಕೆ 500. ಒಂದು ದಿನಕ್ಕೆ ಒಂದೇ ಫ್ಯಾಮಿಲಿ. ಮುಂಗಡ ಫೋನ್ ಪೇ ಮಾಡಿದ್ರೆ ವಾಪಸ್ ಕಳಿಸ್ತಾರೆ, ಬಂದ್ಮೇಲೆ ಕೊಡಿ ಅಂತಾರೆ, ಈ ಕಾಲದಲ್ಲಿ ಹಿಂಗೂ ಇರ್ತಾರಾ ಅನ್ಸ್ತು.

ಹೋಗಿದ್ದು ಮಗಳಿಗೋಸ್ಕರ. ಎಂಟನೇ ಕ್ಲಾಸು, ಎರಡು ವರ್ಷದಿಂದ ಕುದುರೆ ಹುಚ್ಚು, ನೋಟ್ಸ್ ಪುಸ್ತಕದ ಹಿಂದಿನ ಪೇಜಲ್ಲೆಲ್ಲ ಕುದುರೆ ಮುಖನೇ. ಹೋದ್ವರ್ಷ ಒಂದು ಟೂರಿಸ್ಟ್ ಜಾಗದಲ್ಲಿ ಪಾಪದ ಒಂದು ಬಡಕಲು ಕುದುರೆ ಮೇಲೆ ಕೂರಿಸಿ 'ಪ್ಯೂರ್ ಅರೇಬಿಯನ್ ಮೇಡಂ' ಅಂತ 200 ರೂಪಾಯಿ ತಗೊಂಡಿದ್ರು, ಅದರ ಲಾಳ ಒಂದು ಅರ್ಧ ಕಿತ್ತು ಟಕ್ ಟಕ್ ಅಂತಿತ್ತು, ಮಗಳು ಇಳಿದು ಅತ್ತಿದ್ದು ನೆನಪಿದೆ. ಹಾಗಾಗಿ ಪರಿಚಯದೋರೊಬ್ರು 'ಕೂಡಿಗೆ ಕಡೆ ರಿಟೈರ್ಡ್ ಮಿಲಿಟ್ರಿಯೋರು ನಿಜವಾದ ಅರಬ್ಬಿ ಕುದುರೆ ಸಾಕಿದಾರೆ' ಅಂದಾಗ ನಂಗೆ ನಂಬಿಕೆ ಇರ್ಲಿಲ್ಲ. ನಮ್ಮೋರು ಅಂತೂ ಅಲ್ಲಿ ಹೋಗೋ ದುಡ್ಡಲ್ಲಿ ತೋಟಕ್ಕೆ ಎರಡು ಮೂಟೆ ಗೊಬ್ಬರ ಬರ್ತಿತ್ತು ಅಂತ ಸುಂಟಿಕೊಪ್ಪದಿಂದ ಕುಶಾಲನಗರದ ತನಕ ಗೊಣಗ್ಕೊಂಡೇ ಗಾಡಿ ಓಡ್ಸಿದ್ರು.

ಯಜಮಾನ್ರಿಗೆ ಎಪ್ಪತ್ತು ದಾಟಿದೆ. ಸೈನ್ಯದಲ್ಲಿ ರಿಮೌಂಟ್ ವೆಟರ್ನರಿ ಕೋರ್ ಅಂತ ಇದ್ಯಲ್ಲ, ಕುದುರೆ ಹೇಸರಗತ್ತೆ ನಾಯಿ ನೋಡ್ಕೊಳ್ಳೋ ವಿಭಾಗ, ಅದರಲ್ಲಿ ಇದ್ದೋರು. ಮೂಲ ಊರು ವಿರಾಜಪೇಟೆ ತಾಲೂಕು, ಅಲ್ಲಿ ಮನೆ ಗದ್ದೆ ಎಲ್ಲ ಇದ್ರೂ ಕುದುರೆಗೋಸ್ಕರ ಈ ಕಡೆ ಬಂದು ಜಾಗ ತಗೊಂಡಿದಾರೆ. ಯಾಕೆ ಅಂದ್ರೆ ಮಳೆ. ಮರಳುಗಾಡಿನ ಪ್ರಾಣಿನ ತಂದು ನಮ್ಮ ಆಷಾಢದ ಮಳೇಲಿ ನಿಲ್ಸಿದ್ರೆ ಗೊರಸು ಕೊಳೆಯುತ್ತೆ, ಬೆನ್ನಮೇಲೆ ಹುಣ್ಣಾಗಿ ಕೂದ್ಲು ಉದುರುತ್ತೆ, ಜಿಗಣೆ ಬೇರೆ. ಕೂಡಿಗೆ ಹೆಬ್ಬಾಲೆ ಕಡೆ ಮಳೆ ಕಮ್ಮಿ, ಮೈಸೂರು ಗಾಳಿ ಬೀಸುತ್ತೆ. ಹಾಗಿದ್ರೂ ಲಾಯದ ನೆಲ ಎರಡಡಿ ಎತ್ತರಿಸಿ, ಮಳೆಗಾಲದಲ್ಲಿ ದಿನಕ್ಕೆ ಎರಡು ಸಲ ಗೊರಸು ಕೆರೆದು ಒಣಗಿಸ್ತಾರಂತೆ. ಆನೆ ಕಾಟ ಕೇಳಿದೆ, ಒಂದ್ಸಲ ರಾತ್ರಿ ಒಂಟಿ ಸಲಗ ಬೇಲಿ ಹತ್ರ ಬಂದು ನಿಂತಿತ್ತಂತೆ, ಕುದುರೆಗಳು ಒಂದೂ ಕೆನೆಯದೆ ಬೆವರಿ ನಡುಗ್ತಾ ನಿಂತಿದ್ವು ಅಂದ್ರು.

ಒಟ್ಟು ಐದು ಕುದುರೆ. ಅರಬ್ಬಿ ನಾಕೇ. ಎರಡು ಹೆಣ್ಣು, ಒಂದು ಗಂಡು, ಒಂದು ಮೂರು ತಿಂಗಳ ಹೆಣ್ಣು ಮರಿ. ಐದನೇದು ರೇಸಿಂದ ರಿಟೈರ್ ಆದ ಒಂದು ಥರೋಬ್ರೆಡ್, ಬೀಜ ತೆಗೆದ ಗಂಡು, ಸವಾರಿಗೆ ಕೊಡೋದು ಅದನ್ನ ಮಾತ್ರ. ಇಲ್ಲೇ ಮಗಳಿಗೆ ಮೊದಲ ನಿರಾಸೆ. ಅವಳು ಬಿಳಿ ಕುದುರೆ ಬಾಲ ಎತ್ಕೊಂಡು ಗಾಳೀಲಿ ಓಡೋದು ನೋಡ್ಬೇಕು ಅಂತ ಬಂದಿದ್ದು, ಮರಿ ನೋಡಿದ್ರೆ ಕಪ್ಪು ಕಂದು ಬಣ್ಣ, ಕಾಲೆಲ್ಲ ಉದ್ದುದ್ದ, ಒಂಥರಾ ಮೇಕೆ ಮರಿ ತರ. ಬೂದು ಬಣ್ಣಕ್ಕೆ ತಿರುಗೋ ಕುದುರೆಗಳು ಹುಟ್ಟುವಾಗ ಬಿಳಿ ಇರಲ್ವಂತೆ, ಕಪ್ಪಾಗೋ ಕಂದಾಗೋ ಹುಟ್ಟಿ ವರ್ಷ ವರ್ಷ ನರೆತು ನರೆತು ಬಿಳಿ ಆಗೋದು, ಕೂದಲ ಕೆಳಗಿನ ಚರ್ಮ ಮಾತ್ರ ಕೊನೆ ತನಕ ಕಪ್ಪೇ. 'ಕುಂಞಿ, ಹಿಂದಿಂದ ಬರ್ಬೇಡ, ಕಣ್ಣಿಗೆ ಕಾಣೋ ಹಂಗೆ ಪಕ್ಕದಿಂದ ಬಾ' ಅಂತ ಯಜಮಾನ್ರು ಅವಳಿಗೆ ಕೈ ಹಿಡ್ದು ತೋರಿಸಿದ್ರು. ತಾಯಿ ಕುದುರೆ ಹತ್ರ ನಿಂತಾಗ ನಂಗೂ ಒಂದ್ ಕ್ಷಣ ಮಾತು ನಿಂತೋಯ್ತು. ಅಷ್ಟೇನ್ ಎತ್ತರ ಇಲ್ಲ, ರೇಸ್ ಕುದುರೆ ಮುಂದೆ ಸಣ್ಣದೇ, ಆದ್ರೆ ಕಣ್ಣು... ಹಣೆ ಸ್ವಲ್ಪ ಉಬ್ಬಿ, ಮೂಗಿನ ಹೊಳ್ಳೆ ದೊಡ್ಡದಾಗಿ, ಕಿವಿ ಎರಡೂ ನಮ್ಮ ಕಡೆ ತಿರುಗಿಸಿ ನೋಡುತ್ತೆ, ಮನೆ ಸೊಸೆ ಬಂದ ನೆಂಟರನ್ನ ಅಳೆಯೋ ಹಂಗೆ.

ಇನ್ನು ತಿಂಡಿ. ಅಕ್ಕಿ ಒಟ್ಟಿ (ರೊಟ್ಟಿ), ಎಳ್ಳು ಪಜ್ಜಿ (ಚಟ್ನಿ), ಕುಂಬಳಕಾಯಿ ಕರಿ, ಬೆಲ್ಲ ಕಾಪಿ. ಒಟ್ಟಿ ಬಿಸಿ ಬಿಸಿ, ಮೆತ್ತಗೆ, ತುಪ್ಪ ಕೇಳಿದ್ರೆ ಹಾಕ್ತಾರೆ. ತಿಂಡಿಗೆ ಐದಕ್ಕೆ ಐದು. ಯಜಮಾನ್ರ ಹೆಂಡ್ತಿ, ಆಂಟಿ ಒಬ್ರೇ ಮಾಡೋದು, ಬೇಕು ಅಂದಷ್ಟು ಬಡಿಸಿದ್ರು. ಮಾಂಸ ಇಲ್ಲ, ಅದನ್ನ ನಿರೀಕ್ಷೆ ಮಾಡ್ಕೊಂಡ್ ಹೋಗ್ಬೇಡಿ.

ತಿಂಡಿ ಆದ್ಮೇಲೆ ಯಜಮಾನ್ರು ಒಳಗಿಂದ ದಪ್ಪ ದಪ್ಪ ಮೂರು ಪುಸ್ತಕ ತಂದು ಮೇಜ್ ಮೇಲೆ ಇಟ್ರು. ಇದಕ್ಕೇನಾ ದುಡ್ಡು ಕೊಟ್ಟಿದ್ದು ಅಂತ ನಮ್ಮೋರು ನನ್ ಮುಖ ನೋಡಿದ್ರು. ಇದಕ್ಕೇ ಕೊಟ್ಟಿದ್ದು, ಈ ರಿವ್ಯೂ ಬರೀತಿರೋದೂ ಇದಕ್ಕೇ.

ಆ ದಫ್ತರದಲ್ಲಿ ಹಿರಿ ಕುದುರೆಯ ತಾಯಿ, ಅದರ ತಾಯಿ, ಅದರ ತಾಯಿ ಅಂತ ಹದಿನಾಲ್ಕು ತಲೆ ಹಿಂದಕ್ಕೆ ಕೈಬರಹದಲ್ಲಿ ಬರ್ದಿದೆ, ಕೊನೇಲಿ ರೋಡೇನಿಯಾ ಅನ್ನೋ ಹೆಣ್ಣು ಕುದುರೆ, 1881ರಲ್ಲಿ ಮರಳುಗಾಡಿಂದ ಇಂಗ್ಲೆಂಡಿಗೆ ಹೋಗಿದ್ದು. ಅದರ ಮನೆತನ ಕುಹೈಲಾನ್. ಅರಬ್ಬಿ ಕುದುರೆಗಳಿಗೆ ಮನೆತನ ಅಂತ ಇರುತ್ತೆ, ಕುಹೈಲಾನ್, ಸಕ್ಲಾವಿ, ಅಬಯ್ಯಾನ್, ಹಮ್ದಾನಿ, ಹದ್ಬಾನ್, ಐದಕ್ಕೆ ಸೇರಿಸಿ ಅಲ್ ಖಮ್ಸಾ, ಅಂದ್ರೆ ಐದು ಅಂತಲೇ ಅರ್ಥ. ಬಾಯಾರಿದ ಕುದುರೆಗಳನ್ನ ನೀರಿಗೆ ಬಿಟ್ಟು, ಅರ್ಧ ದಾರೀಲಿ ಕೂಗಿ ಕರೆದಾಗ ನೀರು ಮುಟ್ಟದೆ ವಾಪಸ್ ಬಂದಿದ್ದು ಐದೇ ಹೆಣ್ಣು ಅಂತ ಒಂದು ಕಥೆ ಇದೆಯಂತೆ, ಅದು ಕಥೆ, ಇತಿಹಾಸ ಅಲ್ಲ ಅಂತ ಅವ್ರೇ ಹೇಳಿದ್ರು. ಮಜಾ ಏನಂದ್ರೆ ಈ ಮನೆತನ ಹೋಗೋದು ತಾಯಿ ಕಡೆಯಿಂದ. ಅಪ್ಪ ಯಾವ ಮನೆತನದೋನಾದ್ರೂ ಸರಿ, ಮರಿ ತಾಯಿ ಮನೆದು. ಬೆಡುಯಿನ್ ಜನಕ್ಕೆ ಹೆಣ್ಣು ಕುದುರೇನೇ ಆಸ್ತಿ, ದಾಳಿಗೆ ಹೋಗುವಾಗ ಗಂಡು ಕೆನೆದು ಸುಳಿವು ಕೊಟ್ಬಿಡುತ್ತೆ, ಹೆಣ್ಣು ಸುಮ್ನಿರುತ್ತೆ, ಡೇರೆ ಒಳಗೇ ಕಟ್ಕೋತಿದ್ರು, ಮಾರೋದಂತೂ ದೂರದ ಮಾತು.

'ನಮ್ಮದು ಉಲ್ಟಾ ನೋಡಮ್ಮ' ಅಂದ್ರು. 'ನಮ್ಮ ಕೊಡವರಲ್ಲಿ ಒಕ್ಕ, ಅಂದ್ರೆ ಮನೆತನ, ಅಪ್ಪನ ಕಡೆಯಿಂದ. ಗಂಡು ಮಕ್ಕಳಿಲ್ಲ ಅಂದ್ರೆ ಒಕ್ಕ ಅಳಿಯುತ್ತೆ ಅಂತ ಹೆದ್ರಿ ಒಕ್ಕಪರಿಜೆ ಅಂತ ಮಾಡ್ಕೊಂಡಿದ್ರು, ಮಗಳಿಗೆ ಹುಟ್ಟಿದ ಮಕ್ಕಳನ್ನ ತವರಿನ ಒಕ್ಕಕ್ಕೆ ಸೇರಿಸೋ ಹಂಗೆ ಮದುವೆ. ಕುದುರೇಲಿ ಅಂಥ ದಾರಿ ಇಲ್ಲ. ಹೆಣ್ಣು ಮರಿ ಹುಟ್ಟಿಲ್ಲ ಅಂದ್ರೆ ಆ ಎಳೆ ಮುಗೀತು.' ಹಿರಿ ಕುದುರೆಗೆ ಸಾಲಾಗಿ ಮೂರು ಗಂಡು ಮರಿ ಹುಟ್ಟಿದ್ವಂತೆ. ಪ್ರತಿ ಸಲ ಹನ್ನೊಂದು ತಿಂಗ್ಳು ಕಾಯ್ಬೇಕು, ಒಂದ್ ಸಲಕ್ಕೆ ಒಂದೇ ಮರಿ, ಅದಕ್ಕೂ ವಯಸ್ಸಾಗ್ತಾ ಬಂತು. ನಾಲ್ಕನೇ ಸಲ ಈಗಿರೋ ಹೆಣ್ಣು ಮರಿ. ಆ ರಾತ್ರಿ ಆಂಟಿ ದೇವರ ಮುಂದೆ ದೀಪ ಹಚ್ಚಿದ್ರಂತೆ, ಇವ್ರು ಸೀದಾ ಹೋಗಿ ದಫ್ತರದಲ್ಲಿ ಒಂದು ಸಾಲು ಬರ್ದು ಮಲಗಿದ್ರಂತೆ.

ರೋಡೇನಿಯಾನ ತಗೊಂಡ್ ಹೋದೋರು ಲೇಡಿ ಆನ್ ಬ್ಲಂಟ್ ಮತ್ತೆ ಅವಳ ಗಂಡ ವಿಲ್ಫ್ರಿಡ್. 1878ರಿಂದ ಸಿರಿಯಾ, ಅರೇಬಿಯಾದ ನಜ್ದ್ ಅಂತ ಸುತ್ತಾಡಿ ಕುದುರೆ ಆರಿಸಿ ಇಂಗ್ಲೆಂಡಲ್ಲಿ ಕ್ರ್ಯಾಬೆಟ್ ಅನ್ನೋ ಕಡೆ ಸಾಕಿದ್ರು. ಕೈರೋ ಹತ್ರ ಶೇಖ್ ಒಬೈದ್ ಅಂತ ಇನ್ನೊಂದು ತೋಟ. ಈಜಿಪ್ಟಲ್ಲಿ ಅಲಿ ಪಾಷಾ ಶೆರೀಫ್ ಅನ್ನೋ ಶ್ರೀಮಂತ ತಲೆಮಾರುಗಳಿಂದ ಬಂದಿದ್ದ ಹಳೇ ತಳಿಗಳನ್ನ ಇಟ್ಕೊಂಡಿದ್ದ, 1897ರಲ್ಲಿ ಅದು ಹರಾಜಾದಾಗ ಆ ಹೆಂಗ್ಸು ಹೋಗಿ ಒಳ್ಳೊಳ್ಳೆದನ್ನ ಕೊಳ್ಳದೇ ಇದ್ದಿದ್ರೆ ಇವತ್ತು ಪ್ರಪಂಚದಲ್ಲಿ ಎಷ್ಟೋ ಅರಬ್ಬಿ ವಂಶಗಳೇ ಇರ್ತಿರ್ಲಿಲ್ಲ ಅಂತಾರೆ ಇವ್ರು. ಎಲ್ಲಾನೂ ಡೈರೀಲಿ ಬರೆದಿಡೋ ಅಭ್ಯಾಸ ಅವಳಿಗೆ, ಯಾವ ಕುದುರೆ ಯಾರ ಹತ್ರ ತಗೊಂಡಿದ್ದು, ಅದರ ತಾಯಿ ಯಾವ್ದು ಅಂತ. ಆಮೇಲೆ ಏನಾಯ್ತು ಗೊತ್ತಾ, ಥೇಟ್ ನಮ್ಮೂರ ಕಥೆ. ಅವಳು 1917ರಲ್ಲಿ ತೀರ್ಕೊಂಡ್ಮೇಲೆ ಅಪ್ಪ ಮಗಳಿಗೆ ಆಸ್ತಿ ಜಗಳ, ಕುದುರೆ ನಂದು ತಂದು ಅಂತ ಕೋರ್ಟು, ರಾತ್ರೋರಾತ್ರಿ ಕುದುರೆ ಎಳ್ಕೊಂಡ್ ಹೋಗೋದು, 1920ರಲ್ಲಿ ಮಗಳ ಕಡೆ ತೀರ್ಪು. ಅಷ್ಟರಲ್ಲಿ ಅಪ್ಪ ಎಷ್ಟೋ ಮಾರಿಬಿಟ್ಟಿದ್ದ. ಕೊನೆಗೆ 1971ರಲ್ಲಿ ಆ ಜಾಗದ ಮಧ್ಯೆ ಹೈವೇ ಹಾಯ್ತು, ಫಾರ್ಮ್ ಮುಚ್ಚಿ ಕುದುರೆಗಳೆಲ್ಲ ಚೆದುರಿದ್ವು. ಹೈವೇ ಅಂದಾಗ ನಮ್ಮೋರು ಮೊದಲ ಸಲ ತಲೆ ಎತ್ತಿ ನೋಡಿದ್ರು.

ಆದ್ರೆ ಫಾರ್ಮ್ ಹೋದ್ರೂ ಎಳೆ ಹೋಗ್ಲಿಲ್ಲ, ಯಾಕಂದ್ರೆ ಮಾರಿದ ಮರಿಗಳು ಅಮೆರಿಕ ಆಸ್ಟ್ರೇಲಿಯಾ ಪೋಲೆಂಡ್ ಅಂತ ಎಲ್ಲೆಲ್ಲೋ ಇದ್ವು, ಹೋದ ಕಡೆಯೆಲ್ಲ ಕುದುರೆ ವಂಶಾವಳಿ ಬರೆದಿಡೋ ಪುಸ್ತಕ, ಅಂದ್ರೆ ಸ್ಟಡ್‌ಬುಕ್ಕಲ್ಲಿ ಬರ್ದಿದ್ರು. ಇದನ್ನ ಕೇಳುವಾಗ ನಂಗೆ ಅನ್ಸಿದ್ದು, ಇವ್ರು ಕುದುರೆ ಉಳಿಸ್ತಿದಾರೋ ಪುಸ್ತಕ ಉಳಿಸ್ತಿದಾರೋ? ಕೇಳೇಬಿಟ್ಟೆ. ನಕ್ಕು 'ಎರಡೂ ಒಂದೇ' ಅಂದ್ರು. ಅರಬ್ಬಿ ಕುದುರೆಗಳಿಗೆ ವಾಹೋ ಅಂತ ಒಂದು ವಿಶ್ವ ಸಂಸ್ಥೆ ಇದೆ, ಅವರ ಪ್ರಕಾರ ಶುದ್ಧ ಅರಬ್ಬಿ ಅಂದ್ರೆ ಏನು ಗೊತ್ತಾ, ಅವ್ರು ಒಪ್ಕೊಂಡಿರೋ ಸ್ಟಡ್‌ಬುಕ್ಕಲ್ಲಿ ಹೆಸರಿರೋ ಕುದುರೆ. ಅಷ್ಟೇ! ಮುಖ ಡಿಶ್ ತರ ಬಾಗಿರ್ಬೇಕು, ಬಾಲ ಎತ್ತಿರ್ಬೇಕು ಅಂತೆಲ್ಲ ಇಲ್ಲ. ಅರಬ್ಬಿಗೆ ಪಕ್ಕೆಲುಬು 17 ಜೊತೆ, ಬೇರೆ ಕುದುರೆಗೆ 18 ಅಂತ ನೀವೂ ಓದಿರ್ತೀರ, ಅದೂ ಎಲ್ಲಾ ಅರಬ್ಬಿಗೂ ಹಂಗೇ ಇರಲ್ವಂತೆ.

ನನ್ನ ಮೈದುನ ಒಬ್ಬ ಇದಾನೆ, ಹೋದ್ವರ್ಷ ಬ್ರೋಕರ್ ಒಬ್ಬನ ಹತ್ರ ಅರಬ್ಬಿ ಕುದುರೆ ಅಂತ 1 ಲಕ್ಷ 80 ಸಾವಿರ ಕೊಟ್ಟು ತಂದ. ಪೇಪರ್ ಆಮೇಲೆ ಬರುತ್ತೆ ಅಂದಿದ್ದ. ಪೇಪರೂ ಬರ್ಲಿಲ್ಲ, ಬ್ರೋಕರ್ ಫೋನೂ ಎತ್ತಲ್ಲ. ಫೋಟೋ ತೋರಿಸಿದೆ ಇವರಿಗೆ. ಕನ್ನಡಕ ಏರಿಸಿ ನೋಡಿ, ಕಿವಿ ತುದಿ ಒಳಗೆ ಬಾಗಿದೆ ನೋಡಮ್ಮ, ರಾಜಸ್ಥಾನದ ಮಾರ್ವಾಡಿ ತಳಿ ರಕ್ತ ಇರ್ಬೇಕು, ಒಳ್ಳೆ ಕುದುರೆನೇ, ಚೆನ್ನಾಗಿ ನೋಡ್ಕೊಳ್ಳೋಕೆ ಹೇಳು ಅಂದ್ರು. ಅರಬ್ಬಿ ಅಲ್ವಾ ಅಂದೆ. 'ಪೇಪರ್ ಇಲ್ದೆ ಇದ್ರೆ ನನ್ನ ಕುದುರೆನೂ ಅರಬ್ಬಿ ಅಲ್ಲ.' ಈಗ ಬರೀ ಬರಹ ಸಾಲದು ಅಂತ ಪ್ರತಿ ಮರಿಯ ಜೂಲಿಂದ ಬೇರು ಸಮೇತ ಒಂದಿಪ್ಪತ್ತು ಮೂವತ್ತು ಕೂದ್ಲು ಕಿತ್ತು ಲ್ಯಾಬಿಗೆ ಕಳಿಸ್ತಾರೆ, ಡಿಎನ್‌ಎ ನೋಡಿ ಅಪ್ಪ ಅಮ್ಮ ಇವ್ರೇನಾ ಅಂತ ಹೇಳ್ತಾರೆ, ಕುತ್ತಿಗೇಲಿ ಚಿಪ್ ಹಾಕ್ತಾರೆ. ನಮ್ಮ ಮನೆ ಪಹಣೀಲಿ ಸತ್ತು ನಲವತ್ತು ವರ್ಷ ಆದ ಮುತ್ತಾತನ ಹೆಸ್ರೇ ಇನ್ನೂ ಇದೆ, ಈ ಮೂರು ತಿಂಗಳ ಮರಿ ದಾಖಲೆ ನಮಗಿಂತ ಕ್ಲಿಯರ್ ಆಗಿದೆ. ಜಮ್ಮಾ ಜಾಗ, ಅಂದ್ರೆ ಕೊಡಗಲ್ಲಿ ವಂಶದಿಂದ ಬರೋ ಜಮೀನು, ಇರೋರಿಗೆ ಅರ್ಥ ಆಗುತ್ತೆ ನಾನ್ ಹೇಳ್ತಿರೋದು.

ಇಷ್ಟೆಲ್ಲ ಕೇಳಿದ್ಮೇಲೆ ನಂಗೆ ಒಂದು ಡೌಟ್ ಇತ್ತು, ಇದು ಒಳ್ಳೇದಾ ಅಂತ. ಒಂದೇ ವಂಶ ಒಳಗೊಳಗೇ ಕೂಡಿಸ್ತಾ ಹೋದ್ರೆ ಏನಾಗುತ್ತೆ ಅಂತ ಯಾರಿಗ್ ಗೊತ್ತಿಲ್ಲ. ಕೇಳೋಕೆ ಸಂಕೋಚ, ಮಗಳೇ ಕೇಳಿದ್ಲು, ಅಜ್ಜ ಇದು ನೆಂಟ್ರಲ್ಲೇ ಮದುವೆ ಆದಂಗಲ್ವಾ ಅಂತ. ಬೈತಾರೇನೋ ಅಂದ್ಕೊಂಡ್ರೆ ಖುಷಿಯಾಗಿ ಪೆನ್ ತಗೊಂಡು ಲೆಕ್ಕ ಹಾಕಿ ತೋರಿಸಿದ್ರು. ಸೋದರಮಾವನ ಮಗಳನ್ನ ಮದುವೆ ಆದ್ರೆ ಹುಟ್ಟೋ ಮಗೂಗೆ ಅಪ್ಪ ಅಮ್ಮ ಇಬ್ರಿಂದಲೂ ಒಬ್ಬರೇ ಪೂರ್ವಜರ ಒಂದೇ ಜೀನ್ ಬರೋ ಚಾನ್ಸು 6.25 ಪರ್ಸೆಂಟ್, ಅಕ್ಕನ ಮಗಳನ್ನ ಆದ್ರೆ 12.5, ಕುದುರೇಲಿ ಒಂದೇ ಅಪ್ಪನ ಎರಡು ಮರಿ ಕೂಡಿಸಿದ್ರೂ ಅದೇ 12.5. ಇವ್ರು ಯಾವ ಜೋಡಿಗೂ 6ರ ಮೇಲೆ ಹೋಗಲ್ಲ ಅಂತ ತಮಗೆ ತಾವೇ ಗೆರೆ ಹಾಕ್ಕೊಂಡಿದಾರೆ. ಅದಕ್ಕೇ ಮನೇಲೇ ಗಂಡು ಕುದುರೆ ಇದ್ರೂ ಕಿರಿ ಹೆಣ್ಣಿಗೆ ಅದನ್ನ ಬಿಡಲ್ಲ, ಹೊರಗಿಂದ ವೀರ್ಯ ತರಿಸ್ಬೇಕು. ಅದು ಮೈನಸ್ 196 ಡಿಗ್ರಿ ನೈಟ್ರೋಜನ್ ಡಬ್ಬಿಲಿ ಬರುತ್ತೆ, ನಮ್ಮ ಹಸುಗಳಿಗೆ ಬರೋ ತರಾನೇ ಸ್ಟ್ರಾ. ರೇಸ್ ಕುದುರೆಗಳಿಗೆ ಇದಕ್ಕೆ ಪರ್ಮಿಷನ್ನೇ ಇಲ್ವಂತೆ, ಅರಬ್ಬಿಗೆ ಇದೆ.

ಇದಕ್ಕಿಂತ ಮುಖ್ಯವಾದ್ದು ಸಿಡ್ ಅನ್ನೋ ಕಾಯಿಲೆ. ಮರಿ ಹುಟ್ಟುವಾಗ ಚೆನ್ನಾಗೇ ಇರುತ್ತೆ, ಆದ್ರೆ ಮೈಯಲ್ಲಿ ರೋಗ ತಡೆಯೋ ಶಕ್ತಿನೇ ಇರಲ್ಲ, ತಾಯಿ ಹಾಲಿಂದ ಬಂದ ರಕ್ಷಣೆ ಕರಗ್ತಿದ್ದಂಗೆ ಒಂದಾದ್ಮೇಲೆ ಒಂದು ಕಾಯಿಲೆ, ಆರು ತಿಂಗಳೊಳಗೆ ಹೋಗುತ್ತೆ. ಅಪ್ಪ ಅಮ್ಮ ಇಬ್ರೂ ಕ್ಯಾರಿಯರ್, ಅಂದ್ರೆ ತಮಗೆ ರೋಗ ಇಲ್ದೆ ಆ ಕೆಟ್ಟ ಜೀನ್ ಮಾತ್ರ ಹೊತ್ತಿರೋವು, ಆಗಿದ್ರೆ ನಾಕರಲ್ಲಿ ಒಂದು ಮರಿಗೆ ಬರೋ ಚಾನ್ಸು. ಕ್ಯಾರಿಯರ್ ನೋಡೋಕೆ ಗುಂಡುಕಲ್ಲು ತರ ಇರುತ್ತೆ, ಏನೂ ಗೊತ್ತಾಗಲ್ಲ. 1997ರಲ್ಲಿ ಇದಕ್ಕೆ ಡಿಎನ್‌ಎ ಟೆಸ್ಟ್ ಬಂತು, ಅದಕ್ಕೆ ಮುಂಚೆ ಜನ ಸತ್ತ ಮರಿನ ಹೂತು ಸುಮ್ನಾಗ್ತಿದ್ರು, ಹೇಳಿದ್ರೆ ಕುದುರೆ ಬೆಲೆ ಬಿದ್ದೋಗುತ್ತಲ್ಲ. ಇವರ ಹಿರಿ ಕುದುರೆ ಕ್ಯಾರಿಯರ್. ಇದನ್ನ ಅವ್ರು ಮುಚ್ಚಿಡ್ಲಿಲ್ಲ, ದಫ್ತರದಲ್ಲಿ ಅದರ ಹೆಸರ ಪಕ್ಕ ಕೆಂಪು ಇಂಕಲ್ಲಿ ಬರ್ದಿದಾರೆ, ಬಂದೋರೆಲ್ಲರಿಗೂ ತೋರಿಸ್ತಾರೆ.

ಹಂಗಾದ್ರೆ ಅದರಿಂದ ಮರಿ ತೆಗ್ಯೋದೇ ತಪ್ಪಲ್ವಾ ಅಂದೆ. ಇಲ್ಲಿ ಅವರ ಉತ್ತರ ನಂಗೆ ತುಂಬ ಹಿಡಿಸ್ತು, ಯಾಕಂದ್ರೆ ನಾವು ಕಾಫಿ ಬೆಳೆಯೋರು. ಕ್ಯಾರಿಯರ್ ಎಲ್ಲಾನೂ ಒಂದೇ ಏಟಿಗೆ ಕೈಬಿಟ್ರೆ ಆ ಒಂದು ಕೆಟ್ಟ ಜೀನ್ ಜೊತೆ ಆ ವಂಶದಲ್ಲಿರೋ ಒಳ್ಳೇದೆಲ್ಲ ಹೋಗುತ್ತೆ, ಇರೋದೇ ಕಮ್ಮಿ, ಇನ್ನೂ ಕಮ್ಮಿ ಆಗುತ್ತೆ, ಉಳಿದಿದ್ರಲ್ಲಿ ಇನ್ನೊಂದು ರೋಗ ಎದ್ದು ನಿಲ್ಲುತ್ತೆ. ಕ್ಲಿಯರ್, ಅಂದ್ರೆ ಆ ಜೀನ್ ಇಲ್ದಿರೋ ಗಂಡಿಗೆ ಕೂಡಿಸಿದ್ರೆ ಒಂದು ಮರಿಗೂ ರೋಗ ಬರಲ್ಲ, ಅರ್ಧಕ್ಕರ್ಧ ಕ್ಯಾರಿಯರ್, ಅರ್ಧ ಕ್ಲಿಯರ್. ಕ್ಲಿಯರ್ ಹುಟ್ಟಿದ ಹೆಣ್ಣನ್ನ ಮುಂದಕ್ಕೆ ಇಟ್ಕೊಂಡ್ರೆ ವಂಶನೂ ಉಳೀತು ಕೆಂಪು ಇಂಕೂ ಹೋಯ್ತು. ನಮ್ಮ ತೋಟದಲ್ಲಿ ಎಸ್ 795 ಅನ್ನೋ ಕಾಫಿ ತಳಿ ಇದೆ, ಹಳೇ ಕೆಂಟ್ಸ್ ಗಿಡಕ್ಕೆ ಎಸ್ 288 ಕೂಡಿಸಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ಮಾಡಿದ್ದು. ಕೆಂಟ್ಸ್ ರುಚಿ ಬಿಡ್ಬಾರ್ದು, ತುಕ್ಕು ರೋಗನೂ ತಡೀಬೇಕು, ಅದೇ ತಲೆನೋವು. ಹಳೇದಕ್ಕೆ ರೋಗ ಇದೆ ಅಂತ ನಮ್ಮ ಮಾವ ಒಂದು ವರ್ಷ ಹಳೇ ಅರೇಬಿಕ ಬ್ಲಾಕ್ ಪೂರ್ತಿ ಕಿತ್ತು ಹೊಸ ತಳಿ ಹಾಕಿದ್ರು, ಬಿಳಿ ಕಾಂಡಕೊರಕ ಬಂದು ಅದೂ ಹೋಯ್ತು, ಹಳೇ ಬೀಜನೂ ಇಲ್ದಂಗಾಯ್ತು. ಅದನ್ನ ಹೇಳಿದೆ, ಯಜಮಾನ್ರು 'ನೋಡು, ಅದೂ ಅರಬ್ಬಿನೇ' ಅಂತ ಕಾಪಿ ಲೋಟ ಎತ್ತಿ ತೋರಿಸಿದ್ರು.

ಶೋ ಕುದುರೆಗಳ ಬಗ್ಗೆ ಕೇಳಿದ್ರೆ ಮಾತ್ರ ಮನುಷ್ಯ ಕೆಂಡ ಆಗ್ತಾರೆ. 2017ರಲ್ಲಿ ಅಮೆರಿಕದ ಒಂದು ಮರಿ ಫೋಟೋ ಎಲ್ಲಾ ಕಡೆ ಓಡಾಡಿತ್ತು, ಮುಖ ಎಷ್ಟು ಬಾಗಿದೆ ಅಂದ್ರೆ ಕಾರ್ಟೂನ್ ತರ, ಉಸಿರಾಡೋಕೆ ಆಗುತ್ತಾ ಅಂತ ಡಾಕ್ಟ್ರುಗಳೇ ಕೇಳಿದ್ರು. ಅಂಥ ಮುಖಕ್ಕೆ ಬಹುಮಾನ ಕೊಡ್ತಾ ಹೋದ್ರೆ ಎಲ್ಲರೂ ಅದೇ ನಾಕು ಸ್ಟಾಲಿಯನ್ ಹಿಂದೆ ಬೀಳ್ತಾರೆ, ಉಳಿದ ವಂಶ ಎಲ್ಲ ಮೂಲೆ ಸೇರುತ್ತೆ. ದುಡ್ಡು ಇಲ್ಲ ಅಂತಲ್ಲ, ಪೋಲೆಂಡಿನ ಹರಾಜಲ್ಲಿ 2015ರಲ್ಲಿ ಪೆಪಿಟಾ ಅನ್ನೋ ಹೆಣ್ಣು ಕುದುರೆ 14 ಲಕ್ಷ ಯೂರೋಗೆ ಹೋಯ್ತು. ಇವರ ಪ್ರಕಾರ ಕುದುರೆ ಪರೀಕ್ಷೆ ಆಗೋದು ಕಾಲಲ್ಲಿ. ಕ್ಯಾಲಿಫೋರ್ನಿಯಾದಲ್ಲಿ 1955ರಿಂದ ಒಂದು ಓಟ ಇದೆ, ಬೆಟ್ಟ ಗುಡ್ಡ ಹತ್ತಿ ಇಳಿದು 24 ಗಂಟೇಲಿ 100 ಮೈಲಿ, ಅದರಲ್ಲಿ ಗೆಲ್ಲೋದು ಹೆಚ್ಚಾಗಿ ಅರಬ್ಬಿಗಳೇ. ಹಿರಿ ಕುದುರೆನ ಚಿಕ್ಕೋಳಿದ್ದಾಗ ಹಾರಂಗಿ ತನಕ ದಿನಾ ಓಡಿಸ್ತಿದ್ರಂತೆ, ವಾಪಸ್ ಬಂದು ಅರ್ಧ ಗಂಟೇಲಿ ಎದೆ ಬಡಿತ ಮಾಮೂಲಿಗೆ ಬರ್ತಿತ್ತಂತೆ.

ವಿಜಯನಗರದ ಮಾತೂ ಬಂತು. ನ್ಯೂನಿಜ್ ಅಂತ ಪೋರ್ಚುಗೀಸ್ ಕುದುರೆ ವ್ಯಾಪಾರಿ ಬರ್ದಿದಾನಲ್ಲ, ಸಾಳುವ ನರಸಿಂಹ ಹಡಗಲ್ಲಿ ಸತ್ತ ಕುದುರೆಗೂ ದುಡ್ಡು ಕೊಡ್ತಿದ್ದ, ವ್ಯಾಪಾರಿಗಳು ಸತ್ತಿದ್ದರ ಬಾಲ ತಂದು ತೋರಿಸಿದ್ರೆ ಸಾಕಿತ್ತು ಅಂತ. ಪರ್ಷಿಯನ್ ಕೊಲ್ಲಿಯ ಹೊರ್ಮುಜ್ ಕಡೆಯಿಂದ ವರ್ಷಕ್ಕೆ 13,000 ಕುದುರೆ ಕೊಳ್ತಿದ್ರು ಅಂತಲೂ ಅವನೇ ಬರ್ದಿರೋದು. ಅಷ್ಟು ಕುದುರೆ ಭಟ್ಕಳ ಗೋವಾ ಅಂತ ಇಳಿದು ನಮ್ಮ ನಾಡಲ್ಲೆಲ್ಲ ಓಡಾಡಿದ್ವು, ಇವತ್ತು ಅದರ ಒಂದು ವಂಶ ತೋರಿಸಿ ನೋಡೋಣ. ವರ್ಷಾ ವರ್ಷಾ ಕೊಂಡ್ರು, ಯುದ್ಧಕ್ಕೆ ಬಿಟ್ರು, ತಾಯಿ ಯಾವ್ದು ಅಂತ ಬರೆದಿಟ್ಟೋರಿಲ್ಲ. ಟಿಪ್ಪು ಕುಣಿಗಲ್ಲಲ್ಲಿ ಕುದುರೆ ಫಾರ್ಮ್ ಮಾಡಿದ, ಆ ಜಾಗ ಇವತ್ತಿಗೂ ಇದೆ, ಆದ್ರೆ ಆಮೇಲೆ ಅಲ್ಲಿ ಬೆಳೆದಿದ್ದು ರೇಸ್ ಕುದುರೆ. 'ನಮ್ಮತ್ರ ಬಾಲ ಇತ್ತು, ಪುಸ್ತಕ ಇರ್ಲಿಲ್ಲ' ಅಂದ್ರು, ಅದಕ್ಕೆ ನಮ್ಮೋರು ಜೋರಾಗಿ ನಕ್ಕಿದ್ದು ಅವತ್ತಿನ ದೊಡ್ಡ ಅಚ್ಚರಿ.

ಸರಿ, ಈಗ ಬೈಗಳು. ಸವಾರಿ ಏನೂ ಇಲ್ಲ. 500 ರೂಪಾಯಿಗೆ ಇಪ್ಪತ್ತು ನಿಮಿಷ, ಹುಡುಗ ಲಗಾಮು ಹಿಡ್ಕೊಂಡು ಸುತ್ತು ಹಾಕಿಸ್ತಾನೆ, ಅಷ್ಟೇ. 70 ಕೆಜಿ ಮೇಲಿದ್ರೆ ಹತ್ತಿಸಲ್ಲ, ಗೇಟ್ ಹತ್ರ ಅಕ್ಕಿ ತೂಗೋ ಮಿಷಿನ್ ಮೇಲೆ ನಿಲ್ಲಿಸಿ ನೋಡ್ತಾರೆ, ನಮ್ಮೋರದ್ದು 84 ಬಂತು, ದಾರಿಯುದ್ದಕ್ಕೂ ಅದೇ ಬೇಜಾರು. ಕುದುರೆ ಮುಂದೆ ಸೆಲ್ಫಿಗೆ ಫ್ಲ್ಯಾಷ್ ಹಾಕಿದ್ರೆ ಯಜಮಾನ್ರು ಮಿಲಿಟ್ರಿ ಸ್ವರದಲ್ಲಿ ಕಿರುಚ್ತಾರೆ, ನಾನು ಬೆಚ್ಚಿಬಿದ್ದೆ, ಕುದುರೆ ಬೆಚ್ಚಲಿಲ್ಲ. ಟಾಯ್ಲೆಟ್ಟಿಗೆ ಬಾಗಿಲೇ ಇಲ್ಲ, ಗೋಣಿ ಪರದೆ, ಹೆಂಗಸರು ಮಕ್ಕಳು ಬರೋ ಜಾಗಕ್ಕೆ ಇದು ನಾಚಿಕೆಗೇಡು, ಮುಖಕ್ಕೇ ಹೇಳಿ ಬಂದಿದೀನಿ. ರೋಡ್ ಕೊನೇ ಅರ್ಧ ಕಿಲೋಮೀಟರ್ ಸಣ್ಣ ಕಾರಿಗೆ ಅಡಿ ತಾಗುತ್ತೆ. ಮಾತು ಶುರು ಮಾಡಿದ್ರೆ ನಿಲ್ಸಲ್ಲ, ಚಿಕ್ಕ ಮಕ್ಕಳಿದ್ರೆ ಅರ್ಧ ಗಂಟೇಲಿ ಅಳ್ತವೆ. ನೆಟ್‌ವರ್ಕ್ ಇಲ್ಲ, ಅದು ಒಳ್ಳೇದೇ.

ಮರಿ ಮಾರ್ತೀರಾ ಅಂತ ನಾವಿರುವಾಗ್ಲೇ ಒಬ್ರು ಫೋನ್ ಮಾಡಿದ್ರು, ಬೆಂಗ್ಳೂರು ಪಾರ್ಟಿ ಅಂತೆ, ರೇಟ್ ಎಷ್ಟಾದ್ರೂ ಸರಿ ಅಂದ್ರಂತೆ. ಯಜಮಾನ್ರು ಮೂರು ಪ್ರಶ್ನೆ ಕೇಳಿದ್ರು: ಜಾಗ ಎಷ್ಟಿದೆ, ಮಳೆಗಾಲದಲ್ಲಿ ಎಲ್ಲಿ ಕಟ್ತೀರಿ, ಇದರ ಮರಿಗಳನ್ನ ರಿಜಿಸ್ಟರ್ ಮಾಡಿಸ್ತೀರಾ. ಮೂರನೇದಕ್ಕೆ ಆ ಕಡೆಯಿಂದ 'ಅದೆಲ್ಲ ಯಾಕೆ ಸಾರ್' ಅಂತ ಬಂತು ಅನ್ಸುತ್ತೆ, ಇವ್ರು ಫೋನ್ ಇಟ್ಬಿಟ್ರು. ಆಂಟಿ ಒಳಗಿಂದ 'ಅದೂ ಹೋಯ್ತಾ' ಅಂದ್ರು. ಹುಲ್ಲಿಗೆ ಹುರುಳಿಗೆ ಪೆನ್ಷನ್ ದುಡ್ಡು ಹಾಕೋ ಮನೆ ಅದು, ಆ ಒಂದು ಮರಿ ಮಾರಿದ್ರೆ ಬಾಗಿಲಲ್ಲ, ಹೊಸ ಟಾಯ್ಲೆಟ್ಟೇ ಕಟ್ಟಿಸ್ಬೋದಿತ್ತು.

ವಾಪಸ್ ಬರುವಾಗ ಮಗಳು ಗಾಡೀಲಿ ಪೇಪರ್ ಪೆನ್ ತೆಗೆದು ನಮ್ಮ ಮನೆದು ತಾಯಿ ಕಡೆ ಲೈನ್ ಬರೀತೀನಿ ಅಂತ ಕೂತ್ಲು. ಅವಳು, ನಾನು, ನಮ್ಮಮ್ಮ, ಅಜ್ಜಿ. ಅಜ್ಜಿಯ ಅಮ್ಮನ ಹೆಸ್ರು ನಂಗೆ ಬರ್ಲಿಲ್ಲ. ಅಮ್ಮನಿಗೆ ಫೋನ್ ಮಾಡಿದ್ರೆ 'ಎಲ್ರೂ ಅವ್ವ ಅಂತಿದ್ವಲ್ಲೇ' ಅಂದ್ರು. ನಾಕೇ ತಲೆಗೆ ನಿಂತೋಯ್ತು ನಮ್ದು.

ಯಾರು ಹೋಗ್ಬೋದು ಅಂದ್ರೆ, ಮಾತು ಕೇಳೋ ತಾಳ್ಮೆ ಇರೋರು, ಹತ್ತು ವರ್ಷ ದಾಟಿದ ಮಕ್ಕಳು, ಹಸು ನಾಯಿ ಕೋಳಿ ಏನಾದ್ರೂ ಒಂದು ಸಾಕಿ ಗೊತ್ತಿರೋರು. ರೀಲ್ಸ್ ಮಾಡೋಕೆ ಹೋಗೋದಾದ್ರೆ ಬೇಡ. ಜೂನಿಂದ ಸೆಪ್ಟೆಂಬರ್ ಯಾರನ್ನೂ ಬಿಡಲ್ಲ, ಕಾವೇರಿ ಸಂಕ್ರಮಣ ಕಳೆದ್ಮೇಲೆ ಫೋನ್ ಮಾಡಿ. ನಂದು ಐದಕ್ಕೆ ನಾಲ್ಕು, ಒಂದು ಕಡಿಮೆ ಆಗಿದ್ದು ಬಾಗಿಲಿಗೆ.

ಅಪ್‌ಡೇಟ್: ಮರಿ ಟೆಸ್ಟ್ ಏನಾಯ್ತು ಅಂತ ಮಗಳ ಕಾಟ ತಡೀಲಾರದೆ ನಿನ್ನೆ ಫೋನ್ ಮಾಡಿದ್ದೆ. ಕೆಲಸದ ಹುಡುಗ ಕೂದ್ಲನ್ನ ಕೀಳೋ ಬದ್ಲು ಕತ್ತರೀಲಿ ಕತ್ತರಿಸಿ ಕೊಟ್ಟಿದ್ನಂತೆ, ಬೇರಿಲ್ಲ ಅಂತ ಲ್ಯಾಬಿಂದ ವಾಪಸ್ ಬಂದಿದೆ, ಮತ್ತೆ ಕಳಿಸ್ಬೇಕಂತೆ. ಕ್ಲಿಯರ್ರೋ ಕ್ಯಾರಿಯರ್ರೋ ಇನ್ನೂ ಗೊತ್ತಿಲ್ಲ. ಬಾಗಿಲು ಹಾಕ್ಸಿದಾರಂತೆ, ಚಿಲಕ ಹೊರಗಡೆ ಇದೆಯಂತೆ.